ಹಲ್ಲಿನ ಸೆಟ್ಟಿಗೆ ಟೂತ್‌ಪೇಸ್ಟ್ ಬೇಡ, ಕುದಿನೀರೂ ಬೇಡ

ಹಲ್ಲು ಕಟ್ಟಿಸಿಕೊಂಡವರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಎರಡು ಎಣಿಕೆಗಳಿಂದ ಹುಟ್ಟುತ್ತವೆ. ಸೆಟ್ಟೂ ಹಲ್ಲೇ ತಾನೆ, ಪೇಸ್ಟ್ ಹಾಕಿ ಉಜ್ಜಿದರಾಯಿತು ಎಂಬುದು ಒಂದು. ಪ್ಲಾಸ್ಟಿಕ್ಕಿಗೆ ಹುಳುಕು ಹತ್ತುವುದಿಲ್ಲ, ಹೇಗಿಟ್ಟರೂ ನಡೆಯುತ್ತದೆ ಎಂಬುದು ಇನ್ನೊಂದು. ಸೆಟ್ಟಿನ ಗುಲಾಬಿ ಬಣ್ಣದ ತಳ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನದು. ಅದು ನಿಜವಾದ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ಗಿಂತ ಬಹಳ ಮೆದು. ಕಣ್ಣಿಗೆ ಕಾಣದ ರಂಧ್ರಗಳಿರುವ, ನೀರು ಹೀರುವ ವಸ್ತು. ಟೂತ್‌ಪೇಸ್ಟಿನಲ್ಲಿರುವ ಸಿಲಿಕಾ, ಕ್ಯಾಲ್ಸಿಯಂ ಕಾರ್ಬೊನೇಟ್ ಕಣಗಳು ಎನಾಮಲ್ ಮೇಲಿನ ಕಲೆ ತೆಗೆಯಲೆಂದೇ ಇರುವಂಥವು. ಅಕ್ರಿಲಿಕ್ ಮೇಲೆ ಅವೇ ಕಣಗಳು ಗೀರು ಮೂಡಿಸುತ್ತವೆ. ಆ ಗೀರುಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಕ್ಯಾಂಡಿಡಾ ಎಂಬ ಶಿಲೀಂಧ್ರ ಬೀಡುಬಿಡುತ್ತವೆ. ಸೆಟ್ಟು ಹೊಳಪು ಕಳೆದುಕೊಂಡು ವಾಸನೆ ಬರುವುದು ಹೀಗೆ. ಹಲ್ಲುಪುಡಿ, ಉಪ್ಪು, ಇದ್ದಿಲು ಇನ್ನೂ ಒರಟು.

ಬಿಸಿನೀರಿನಲ್ಲಿ ಕುದಿಸಿದರೆ ಕ್ರಿಮಿ ಸಾಯುತ್ತವೆ ಎಂದು ನಂಬಿರುವ ಮನೆಗಳು ಕಡಿಮೆಯಿಲ್ಲ. ಸೆಟ್ಟಿನ ಆಕಾರವೂ ಅದರೊಂದಿಗೆ ಹೋಗುತ್ತದೆ. ಕಾದ ಅಕ್ರಿಲಿಕ್ ತುಸು ತಿರುಚಿಕೊಂಡರೂ ಸಾಕು, ಅದು ವಸಡಿಗೆ ಕೂರುವುದಿಲ್ಲ. ಮತ್ತೆ ಮೊದಲಿನಂತಾಗುವುದೂ ಇಲ್ಲ. ಕೈಗೆ ಹಿತವೆನಿಸುವ ಉಗುರುಬೆಚ್ಚಗಿನ ನೀರೇ ಮಿತಿ.

ದಿನದ ತೊಳೆತ: ಕ್ರಮ ಹೀಗಿರಲಿ

1. ಸಿಂಕಿನಲ್ಲಿ ಅರ್ಧ ನೀರು ತುಂಬಿಸಿ, ಇಲ್ಲವೇ ಒಳಗೆ ಮಡಚಿದ ಟವೆಲ್ ಹಾಸಿ. ಸೆಟ್ಟು ಮುರಿಯುವುದು ಬಾಯಿಯಲ್ಲಿ ಮಾತ್ರವಲ್ಲ, ಸೋಪಿನ ಕೈ ಜಾರಿ ಸಿಂಕಿಗೆ ಬಿದ್ದಾಗಲೂ.

2. ಬಾಯಿಗೆ ಒಂದು ಗುಟುಕು ನೀರು ಹಾಕಿ ಮುಕ್ಕಳಿಸಿ, ಹಿಡಿತ ಸಡಿಲವಾಗುತ್ತದೆ. ಮೇಲಿನ ಸೆಟ್ಟು ಬಿಡಿಸಲು ತುಟಿ ಮುಚ್ಚಿ ಕೆನ್ನೆ ಉಬ್ಬಿಸಿ ಗಾಳಿ ಊದಿ. ಬರದಿದ್ದರೆ ಹೆಬ್ಬೆರಳನ್ನು ಮುಂದಿನ ಹಲ್ಲುಗಳ ಹಿಂಬದಿಗೆ ಇಟ್ಟು ಮೇಲಕ್ಕೂ ಹೊರಕ್ಕೂ ಒತ್ತಿ.

3. ಹರಿಯುವ ನೀರಿನಲ್ಲಿ ಅನ್ನದಗುಳು, ಕಾಳಿನ ಸಿಪ್ಪೆ ಹೋಗುವಂತೆ ತೊಳೆಯಿರಿ. ಪ್ರತಿ ಊಟದ ನಂತರ ಇಷ್ಟನ್ನಾದರೂ ಮಾಡಬೇಕು.

4. ದಿನಕ್ಕೊಮ್ಮೆ, ಸಾಧ್ಯವಾದರೆ ಎರಡು ಬಾರಿ, ಪಾತ್ರೆ ತೊಳೆಯುವ ಸೌಮ್ಯ ಲಿಕ್ವಿಡ್ ಅಥವಾ ಕೈ ತೊಳೆಯುವ ಸೋಪಿನ ಒಂದೆರಡು ಹನಿ ಹಾಕಿ ಮೆದು ಬ್ರಷ್‌ನಿಂದ ಉಜ್ಜಿ. ಸೆಟ್ಟಿಗೆಂದೇ ಸಿಗುವ ಬ್ರಷ್‌ಗೆ ಎರಡು ತುದಿ ಇರುತ್ತವೆ: ಅಗಲವಾದದ್ದು ಹಲ್ಲುಗಳಿಗೆ, ಚೂಪಾದದ್ದು ಒಳಗಿನ ಗುಳಿಗೆ.

5. ಕೆಳಗಿನ ಸೆಟ್ಟನ್ನು ಅಂಗೈಯಲ್ಲಿ ಎರಡೂ ಬದಿಯಿಂದ ಒತ್ತಿ ಹಿಡಿಯಬೇಡಿ. ಕುದುರೆಲಾಳದಂಥ ಆಕಾರ ನಡುವೆ ಸೀಳುತ್ತದೆ. ತೊಳೆಯುವ ಬದಿಯನ್ನೇ ಬೆರಳಲ್ಲಿ ಹಿಡಿಯಿರಿ.

6. ವಸಡು, ನಾಲಿಗೆ, ಅಂಗುಳವನ್ನು ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಇಲ್ಲವೇ ತೀರಾ ಮೆದು ಬ್ರಷ್‌ನಿಂದ ಒರೆಸಿ.

ನಾಲ್ಕನೇ ಹಂತದಲ್ಲಿ ಬಹುಪಾಲು ಜನ ಹೊರಗೆ ಕಾಣುವ ಹಲ್ಲುಗಳನ್ನು ಮಾತ್ರ ಉಜ್ಜುತ್ತಾರೆ. ವಸಡಿಗೆ ತಾಗುವ ಒಳಮೈ ಹಾಗೇ ಉಳಿಯುತ್ತದೆ. ಶಿಲೀಂಧ್ರ ನೆಲೆಸುವುದು ಅಲ್ಲೇ. ಅಂಗುಳ ಸೆಟ್ಟಿನ ಆಕಾರಕ್ಕೇ ಕೆಂಪಾಗಿದ್ದರೆ, ಬಾಯಿಯ ಮೂಲೆಗಳು ಬಿರಿದಿದ್ದರೆ ಶಿಲೀಂಧ್ರದ ಸೋಂಕನ್ನು ಅನುಮಾನಿಸಿ. ಇದು ನೋಯಲೇಬೇಕೆಂದಿಲ್ಲ, ಅದರಿಂದಲೇ ವರ್ಷಗಟ್ಟಲೆ ಗಮನಕ್ಕೆ ಬರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ, ಬಾಯಿ ಒಣಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಹೆಚ್ಚು. ಔಷಧವನ್ನು ಬಾಯಿಗೆ ಹಚ್ಚಿ ಸೆಟ್ಟನ್ನು ಶುಚಿ ಮಾಡದೆ ಬಿಟ್ಟರೆ ಸೋಂಕು ಮರಳುತ್ತದೆ.

ರಾತ್ರಿ ಹಾಕಿಕೊಂಡೇ ಮಲಗಿದರೆ

ಇದೇ ಎಲ್ಲಕ್ಕಿಂತ ದುಬಾರಿ ತಪ್ಪು. ಹಲ್ಲಿಲ್ಲದ ಮುಖ ಮನೆಯವರಿಗೂ ಕಾಣಬಾರದೆಂಬ ಸಂಕೋಚ ಅರ್ಥವಾಗುವಂಥದ್ದೇ. ಆದರೆ ಹಗಲಿಡೀ ಒತ್ತಡ ತಡೆದ ವಸಡಿಗೆ ಆರರಿಂದ ಎಂಟು ಗಂಟೆ ಬಿಡುವು ಬೇಕು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಕ್ರಿಮಿಗಳಿಗೆ ಹಬ್ಬ. ಅವು ಉಸಿರಿನೊಂದಿಗೆ ಶ್ವಾಸಕೋಶಕ್ಕೂ ಇಳಿಯಬಹುದು. ಜಪಾನಿನಲ್ಲಿ 85 ದಾಟಿದ 524 ಮಂದಿಯನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವಾಗಲೂ ಸೆಟ್ಟು ಹಾಕಿಕೊಳ್ಳುವವರಿಗೆ ನ್ಯುಮೋನಿಯಾ ಅಪಾಯ ಎರಡು ಪಟ್ಟಿಗೂ ಹೆಚ್ಚು ಕಂಡುಬಂತು. ಹಲ್ಲು ಕಿತ್ತ ದಿನವೇ ಸೆಟ್ಟು ಕೂರಿಸಿದ್ದರೆ ಮಾತ್ರ ಮೊದಲ 24 ಗಂಟೆ ತೆಗೆಯಬೇಡಿ ಎಂದು ವೈದ್ಯರು ಹೇಳುವುದುಂಟು, ಅದನ್ನು ಪಾಲಿಸಿ.

ತೆಗೆದದ್ದನ್ನು ಒಣಗಲು ಬಿಡಬೇಡಿ; ಒಣಗಿದರೆ ಅಕ್ರಿಲಿಕ್ ಆಕಾರ ಬದಲಿಸುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಮುಳುಗುವಷ್ಟು ತಣ್ಣೀರು ಸಾಕು, ಪ್ರತಿದಿನ ಹೊಸ ನೀರು. ನೊರೆ ಬರುವ ಮಾತ್ರೆ ಬಳಸುವುದಾದರೆ ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ಹೊತ್ತು ನೆನೆಸಿ, ಆಮೇಲೆ ಬ್ರಷ್ ಹಾಕಿ ಉಜ್ಜಿ, ಚೆನ್ನಾಗಿ ತೊಳೆದ ನಂತರವೇ ಬಾಯಿಗೆ. ಮಾತ್ರೆ ಹಾಕಿದರೆ ಉಜ್ಜಬೇಕಿಲ್ಲ ಎಂಬುದು ಜಾಹೀರಾತು ಹುಟ್ಟಿಸಿದ ಭ್ರಮೆ. ಮನೆಯಲ್ಲಿ ಮರೆವಿನ ಕಾಯಿಲೆಯವರಿದ್ದರೆ ಮಾತ್ರೆಗಳನ್ನು ಕೈಗೆಟುಕದಂತೆ ಇಡಿ, ಔಷಧವೆಂದು ನುಂಗಿಬಿಟ್ಟಾರು.

ಎಲೆಅಡಿಕೆ ಹಾಕುವವರ ಸೆಟ್ಟಿನಲ್ಲಿ ಕಲೆ ಕೂರುತ್ತದೆ, ಗಟ್ಟಿ ಪಾಚಿಯೂ ಕಟ್ಟುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಕೊಂಚ ಸಡಿಲವಾಗುತ್ತದೆ. ಉಳಿದದ್ದನ್ನು ಚಾಕುವಿನಿಂದ ಕೆರೆಯದೆ ದಂತವೈದ್ಯರಿಗೆ ಕೊಡಿ. ಬ್ಲೀಚಿಂಗ್ ದ್ರಾವಣ ಲೋಹವಿಲ್ಲದ ಸೆಟ್ಟಿಗೂ ಹತ್ತು ನಿಮಿಷ ದಾಟಬಾರದು. ಸ್ವಂತ ಹಲ್ಲಿಗೆ ಸಿಕ್ಕಿಸುವ ಲೋಹದ ಕೊಕ್ಕೆ ಇದ್ದರೆ ಅದು ಕಪ್ಪಾಗಿ ಸವೆಯುತ್ತದೆ. ಅಂಥವರು ಅದರ ಗೋಜಿಗೇ ಹೋಗುವುದು ಬೇಡ.

ಒಮ್ಮೆ ಕಟ್ಟಿಸಿದರೆ ಜೀವನಪೂರ್ತಿ ಅಲ್ಲ

ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ದವಡೆಯ ಮೂಳೆ ಕರಗುತ್ತಾ ಹೋಗುತ್ತದೆ. ಮೊದಲ ವರ್ಷ ಅತಿ ವೇಗ. ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕರಗುತ್ತದೆ. ಕೆಳಗಿನ ಸೆಟ್ಟು ಮೊದಲು ಕುಣಿಯತೊಡಗುವುದಕ್ಕೆ ಇದೂ ಕಾರಣ. ನಾಲಿಗೆಯ ಅಲುಗಾಟ, ಹಿಡಿತಕ್ಕೆ ಸಿಗುವ ಕಡಿಮೆ ಜಾಗ ಮಿಕ್ಕ ಕಾರಣಗಳು. ಸಡಿಲಾದಾಗ ಒಳಮೈಗೆ ಹೊಸ ಪದರ ಕೊಡಿಸಿದರೆ ಸಾಮಾನ್ಯವಾಗಿ ಸಾಕು. ಇದಕ್ಕೆ ರಿಲೈನಿಂಗ್ ಎನ್ನುತ್ತಾರೆ. ಐದರಿಂದ ಏಳು ವರ್ಷದ ಹೊತ್ತಿಗೆ ಹೊಸ ಸೆಟ್ಟು ಬೇಕಾಗಬಹುದು. ಹಲ್ಲೇ ಇಲ್ಲ, ವೈದ್ಯರಿಗೇಕೆ ತೋರಿಸಬೇಕು ಎನ್ನುವವರು ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ ಕಾಯಬೇಡಿ. ತಂಬಾಕು, ಅಡಿಕೆ ಅಭ್ಯಾಸವಿದ್ದವರಿಗೆ ಬಾಯಿ ಕ್ಯಾನ್ಸರಿನ ಭಯ ಹಲ್ಲಿನೊಂದಿಗೆ ಉದುರಿ ಹೋಗುವುದಿಲ್ಲ.

ಅಂಟುವ ಕ್ರೀಮನ್ನು ಸಡಿಲ ಸೆಟ್ಟಿಗೆ ಮದ್ದೆಂದು ಬಳಸಬೇಡಿ. ಸರಿಯಾಗಿ ಕೂರುವ ಸೆಟ್ಟಿಗೆ ಹೆಚ್ಚಿನ ಭದ್ರತೆ ಕೊಡುವುದಷ್ಟೇ ಅದರ ಕೆಲಸ. ನೀರು ಒರೆಸಿದ ಸೆಟ್ಟಿಗೆ ಬಟಾಣಿಕಾಳಿನಷ್ಟು ಮೂರು ನಾಲ್ಕು ಕಡೆ, ಅಂಚಿನಿಂದ ಒಳಗೆ ಇಡಿ. ಹೊರಗೆ ಒಸರಿದರೆ ಹೆಚ್ಚಾಯಿತೆಂದೇ ಅರ್ಥ. ಸತು ಇಲ್ಲದ ಕ್ರೀಮನ್ನೇ ಆರಿಸಿ. ಸತು ಇರುವುದನ್ನು ವರ್ಷಗಟ್ಟಲೆ ಮೆತ್ತಿಕೊಂಡವರಲ್ಲಿ ದೇಹದ ತಾಮ್ರ ಇಳಿದು ಕೈಕಾಲು ಜೋಮು ಹಿಡಿದ, ನಡಿಗೆ ತಪ್ಪಿದ ಪ್ರಕರಣಗಳಿವೆ.

ಮೊದಲ ವಾರಗಳ ಊಟ, ಮಾತು

ಮೊದಲ ದಿನಗಳಲ್ಲಿ ಜೊಲ್ಲು ಹೆಚ್ಚು ಸುರಿಯುವುದು, ಮಾತು ತೊದಲುವುದು ಸಹಜ. ದಿನಕ್ಕೆ ಕಾಲು ಗಂಟೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಮೆತ್ತನೆ ಇಡ್ಲಿ, ಮೊಸರನ್ನ, ಮುದ್ದೆಯಿಂದ ಆರಂಭಿಸಿ. ಚಿಕ್ಕ ತುತ್ತು ಎರಡೂ ಬದಿಗೆ ಹಂಚಿ ಅಗಿಯಿರಿ. ಒಂದೇ ಬದಿಯಲ್ಲಿ ಅಗಿದರೆ ಇನ್ನೊಂದು ಬದಿ ಮೇಲೇಳುತ್ತದೆ. ಸೀಬೆಹಣ್ಣು, ಮಾವಿನಕಾಯಿಯನ್ನು ಮುಂದಿನ ಹಲ್ಲಿನಿಂದ ಕಚ್ಚದೆ ಹೆಚ್ಚಿಕೊಳ್ಳಿ. ಪೂರ್ತಿ ಸೆಟ್ಟಿನ ಕಚ್ಚುವ ಬಲ ಸ್ವಂತ ಹಲ್ಲಿನ ಕಾಲು ಭಾಗದಷ್ಟೇ; ಚಕ್ಕುಲಿ, ಕಡಲೆಕಾಯಿ ಚಿಕ್ಕಿಯ ಆಸೆಯನ್ನು ಮುಂದೂಡಿ. ಅಂಗುಳ ಮುಚ್ಚಿರುವುದರಿಂದ ಬಿಸಿ ಗೊತ್ತಾಗುವುದು ತಡ, ಕಾಫಿ ನೇರ ಗಂಟಲು ಸುಟ್ಟೀತು. ಮೀನಿನ ಮುಳ್ಳೂ ಹಾಗೇ ಕಣ್ತಪ್ಪಿ ಇಳಿಯಬಹುದು, ಕರಾವಳಿಯವರು ತಟ್ಟೆಯಲ್ಲೇ ಬಿಡಿಸಿಕೊಳ್ಳಿ.

ಒತ್ತಿ ಹುಣ್ಣಾದರೆ ಮನೆಯ ಅರದಿಂದ ತಿಕ್ಕಬೇಡಿ. ವೈದ್ಯರ ಬಳಿ ಹೋಗುವ ಮೊದಲು ಕೆಲವು ಗಂಟೆಯಾದರೂ ಹಾಕಿಕೊಂಡಿರಿ. ಕೆಂಪು ಗುರುತು ಕಂಡರೇ ಎಲ್ಲಿ ಕೆತ್ತಬೇಕೆಂದು ಅವರಿಗೆ ತಿಳಿಯುವುದು. ಕೆಲವೇ ಹಲ್ಲಿನ ಸೆಟ್ಟಿನವರು ಅದನ್ನು ಕಚ್ಚಿ ಕೂರಿಸಬಾರದು, ಕೊಕ್ಕೆ ಸೊಟ್ಟಾಗುತ್ತದೆ. ಕೊಕ್ಕೆ ಹಿಡಿದ ಸ್ವಂತ ಹಲ್ಲುಗಳಿಗೆ ಹುಳುಕು ಬೇಗ ಹತ್ತುವುದರಿಂದ ಅವನ್ನು ಫ್ಲೋರೈಡ್ ಪೇಸ್ಟಿನಿಂದಲೇ ಉಜ್ಜಿ. ಟೂತ್‌ಪೇಸ್ಟಿಗೆ ಜಾಗವಿರುವುದು ಇಲ್ಲಿ.

ಮುರಿದರೆ ಫೆವಿಕ್ವಿಕ್‌ನಂಥ ಅಂಟು ಹಚ್ಚುವ ಕೈಯನ್ನು ತಡೆಯಿರಿ. ಕೂದಲೆಳೆಯಷ್ಟು ಸೊಟ್ಟ ಅಂಟಿದರೂ ಲ್ಯಾಬಿನವರಿಗೆ ಮತ್ತೆ ಜೋಡಿಸಲು ಬರುವುದಿಲ್ಲ, ಆ ಅಂಟು ಬಾಯಿಗೂ ಒಳ್ಳೆಯದಲ್ಲ. ಉದುರಿದ ಹಲ್ಲು ಸೇರಿ ಎಲ್ಲ ಚೂರುಗಳನ್ನು ಡಬ್ಬಿಯಲ್ಲಿ ಹಾಕಿ ಒಯ್ಯಿರಿ. ಆಸ್ಪತ್ರೆಗೆ ಸೇರುವಾಗಲೂ ಅದೇ ಡಬ್ಬಿ ಜೊತೆಗಿರಲಿ, ಮೇಲೆ ಹೆಸರು ಬರೆದಿರಲಿ. ಟಿಷ್ಯೂ ಕಾಗದದಲ್ಲಿ ಸುತ್ತಿಟ್ಟ ಸೆಟ್ಟು ಕಸದ ಬುಟ್ಟಿಗೆ ಹೋಗುವುದೇ ಹೆಚ್ಚು. ಹೊಸದು ಬಂದ ಮೇಲೂ ಹಳೆಯದನ್ನು ಎಸೆಯಬೇಡಿ: ರಿಪೇರಿಗೆ ಕೊಟ್ಟ ಎರಡು ದಿನ ಊಟಕ್ಕೆ ಆಗುತ್ತದೆ.