ಮುಯ್ಯಿ ಪುಸ್ತಕದಲ್ಲಿ ಬಾಳೆಗೊನೆಯನ್ನೂ ಬರೆಯಿರಿ

ನಮ್ಮ ತೀರ್ಥಹಳ್ಳಿ ಕಡೆ ನಾಟಿಗೆ ಮುಯ್ಯಾಳು ಹೋಗುವ ರೂಢಿ ಇತ್ತು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಮದುವೆಗೆ ಬಂದವರು ಕೊಡುವ ಹಣ, ಉಡುಗೊರೆ, ಅಂದರೆ ಮುಯ್ಯಿ, ಅದೂ ಹಾಗೇ. ಒಂದು ಮನೆಯ ದೊಡ್ಡ ಖರ್ಚಿಗೆ ಹತ್ತು ಮನೆ ಹೆಗಲು ಕೊಡುತ್ತವೆ. ಅದಕ್ಕೇ ಯಾರಾದರೂ ಮದುವೆ ಗೊತ್ತಾಯಿತು ಅಂದರೆ ನಾನು ಮೊದಲು ಕೇಳುವುದು, ಮುಯ್ಯಿ ಬರೆಯಲು ಯಾರನ್ನು ಕೂರಿಸುತ್ತೀರಿ ಅಂತ.

ಇಬ್ಬರು ಬೇಕು. ಒಬ್ಬರು ಹಣ ಹಿಡಿಯಲು, ಒಬ್ಬರು ಬರೆಯಲು. ಬರೆಯುವವರಿಗೆ ನೆಂಟರ ಗುರುತು ಇರಬೇಕು. ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ, ಅಲ್ವಾ? ಹಾಗಾಗಿ ಹೆಸರಿನ ಜೊತೆ ಊರು, ಮನೆ ಎರಡನ್ನೂ ಬರೆಯಿರಿ. ಕವರನ್ನು ಕೊಟ್ಟವರ ಎದುರೇ ಒಡೆಯಬೇಡಿ. ಹೊರಗೆ ಹೆಸರಿದೆಯಾ ಅಂತ ಮಾತ್ರ ನೋಡಿ, ಇಲ್ಲದಿದ್ದರೆ ಅಲ್ಲೇ ಬರೆದುಕೊಳ್ಳಿ.

ನಮ್ಮ ದೊಡ್ಡ ಮಗಳ ಮದುವೆಯಲ್ಲಿ ಇದೊಂದು ತಪ್ಪಿತು. ಧಾರೆಯ ಗಡಿಬಿಡಿಯಲ್ಲಿ ಕೈಗೆ ಬಂದ ಕವರುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿದೆವು. ರಾತ್ರಿ ನೋಡಿದರೆ ಏಳು ಕವರಿಗೆ ಹೆಸರೇ ಇಲ್ಲ. ಅದರಲ್ಲಿ 501 ರೂಪಾಯಿಯ ಒಂದು ಕವರು ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವಳದು. ನನಗೆ ಅದು ತಿಳಿದದ್ದು ಮೂರು ವರ್ಷದ ಮೇಲೆ, ಅವಳ ಮಗನ ಮದುವೆ ಮುಗಿದ ನಂತರ. ಆ ಮದುವೆಗೆ ನಾನು ಬರೀ ಒಂದು ರವಿಕೆ ಕಣ ಕೊಟ್ಟು ಊಟ ಮಾಡಿ ಬಂದಿದ್ದೆ. ಅವಳು ಒಂದು ಮಾತೂ ಆಡಲಿಲ್ಲ. ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದುಡ್ಡನ್ನು ಮಾತ್ರ ಬರೆದರೆ ಸಾಲದು. ಯಾರೋ ಎರಡು ಬಾಳೆಗೊನೆ ತರುತ್ತಾರೆ, ಯಾರೋ ಎಲೆ ಕೊಯ್ದು ಕೊಡುತ್ತಾರೆ, ಯಾರೋ ಚಪ್ಪರಕ್ಕೆ ಅಡಿಕೆ ದಬ್ಬೆ, ಸೋಗೆ ಹೊತ್ತು ಮೂರು ದಿನ ದುಡಿಯುತ್ತಾರೆ. ಅದೂ ಪುಸ್ತಕಕ್ಕೆ ಬರಲಿ. ದೂರದ ಊರಿಂದ ಫೋನಿನಲ್ಲಿ ಹಣ ಕಳಿಸಿದವರ ಹೆಸರೂ ಬರಲಿ. ಆದರೆ ಹಣ ಕಳಿಸುವ ಗುರುತನ್ನು ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಕರೆಯೋಲೆ ಕರೆಯುವುದಕ್ಕೆ, ಕೇಳುವುದಕ್ಕಲ್ಲ. ‘ಆಶೀರ್ವಾದವೇ ಉಡುಗೊರೆ’ ಅಂತ ಹಾಕಿಸಿದ್ದರೆ ಕವರು ಹಿಡಿಯಲು ಮೇಜು ಇಡಲೇಬೇಡಿ.

ಮುಯ್ಯಿ ತೀರಿಸುವಾಗ ಬರೆದಷ್ಟನ್ನೇ ಹಾಕಬೇಡಿ. ಅದು ಲೆಕ್ಕ ಚುಕ್ತಾ ಮಾಡಿದ ಹಾಗೆ. ಸ್ವಲ್ಪ ಜಾಸ್ತಿ ಹಾಕಿ. ಇಪ್ಪತ್ತು ವರ್ಷದ ಹಿಂದಿನ ನೂರಕ್ಕೆ ಇವತ್ತಿನ ನೂರು ಸಮ ಆಗುವುದಿಲ್ಲ. ಹಾಗಂತ ಬಡವರ ಮನೆಗೆ ದೊಡ್ಡ ಮೊತ್ತ ಹಾಕಿ ಅವರನ್ನು ಕಟ್ಟಿಹಾಕಬೇಡಿ, ನಾಳೆ ಅವರು ತಿರುಗಿಸಬೇಕಲ್ಲ. ಅಂಥ ಕಡೆ ಎರಡು ದಿನ ಮೊದಲೇ ಅಕ್ಕಿ, ತೆಂಗಿನಕಾಯಿ ಕಳಿಸಿಬಿಡಿ. ಅಡುಗೆಮನೆಗೆ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹುಡುಗ ಹುಡುಗಿಗೆ ಬಂದ ಉಡುಗೊರೆಗೆ ಬೇರೆ ಪಟ್ಟಿ ಬೇಕು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯಿಂದ ಅಪರಾಧ. ಯಾರೂ ಕೇಳದೆ ಕೊಟ್ಟ ಉಡುಗೊರೆಗೂ 1985ರ ನಿಯಮದಂತೆ ಪಟ್ಟಿ ಇಡಬೇಕು. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ ಅಂತ ಬರೆದು ಹುಡುಗ ಹುಡುಗಿ ಇಬ್ಬರೂ ಸಹಿ ಹಾಕಬೇಕು. ಹುಡುಗಿಗೆ ಬಂದದ್ದರ ಪಟ್ಟಿ ಹುಡುಗಿಯ ಹತ್ತಿರವೇ ಇರಬೇಕು. ‘ನಮ್ಮಲ್ಲಿ ಅದೆಲ್ಲ ಯಾಕೆ’ ಅಂತ ಹಿರಿಯರು ಅಂದರೂ ಬಿಡಬೇಡಿ. ಮಗಳ ಚಿನ್ನ ಮಗಳದು.

ಇನ್ನು ನೆಂಟರು. ಹಿರಿಯರಿರುವ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಕೊಟ್ಟು, ಮನೆಮಂದಿಯೆಲ್ಲ ಬನ್ನಿ ಅಂತ ಬಾಯಿತುಂಬ ಕರೆಯಿರಿ. ವಾಟ್ಸಾಪಿನಲ್ಲಿ ಯಾರಿಗೆ ಪತ್ರಿಕೆ ಕಳಿಸಿದ್ದೀರೋ ಅವರಿಗೆ ಒಂದು ಫೋನನ್ನಾದರೂ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಒಂದೇ ದಿನ ಮೂರು ಮದುವೆ ಬೀಳುತ್ತವೆ. ಯಾರಾದರೂ ಬಂದು ಅಕ್ಷತೆ ಹಾಕಿ ಊಟ ಮಾಡದೆ ಹೊರಟರೆ ಮುಖ ಸಣ್ಣ ಮಾಡಬೇಡಿ, ತಾಂಬೂಲ ಕೊಟ್ಟು ಕಳಿಸಿ. ಘಟ್ಟದ ಒಳಗಿನ ಊರುಗಳಿಗೆ ಬಸ್ಸು ಕಡಿಮೆ. ಅಲ್ಲಿಂದ ಬಂದವರನ್ನು ಮೊದಲ ಪಂಕ್ತಿಗೇ ಕೂರಿಸಿ.

ಓಲಗದವರು, ಅಡುಗೆಯವರು, ಪಾತ್ರೆ ತೊಳೆಯುವವರು, ಡ್ರೈವರು, ಇವರ ಹಣವನ್ನು ಹಿಂದಿನ ರಾತ್ರಿಯೇ ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆದಿಡಿ. ಅವರು ಕೇಳುವ ಮೊದಲು ಕೊಡಿ, ಜೊತೆಗೆ ತಾಂಬೂಲ ಇಡಿ. ಬಡಿಸಿದವರ ಪಂಕ್ತಿ ಕೊನೆಗೆ ಕೂರುತ್ತದೆ. ಅಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆ. ಅವರ ಲೆಕ್ಕದ ಹೋಳಿಗೆಯನ್ನು ಬೆಳಿಗ್ಗೆಯೇ ತೆಗೆದಿಡಿ. ಆ ಪಂಕ್ತಿಗೆ ತುಪ್ಪದ ಗಿಂಡಿ ಹಿಡಿದು ಮನೆಯ ಯಜಮಾನಿಯೇ ಬಡಿಸಬೇಕು.