ವಾರಂಟಿಯಲ್ಲಿದ್ದ ಕಾರು ಆಯಿಲ್ ಕುಡಿಯತೊಡಗಿದಾಗ

ನಮ್ಮ ಪೆಟ್ರೋಲ್ ಕಾರಿಗೆ ಎರಡನೇ ವರ್ಷ. ಹುಬ್ಬಳ್ಳಿಯಿಂದ ಗದಗಕ್ಕೆ ದಿನಾ ಓಡಾಟ. ಒಂದು ದಿನ ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗೆ! ಸರ್ವಿಸ್ ಆಗಿ ಮೂರು ತಿಂಗಳೂ ಆಗಿರಲಿಲ್ಲ. ನೆಲದ ಮೇಲೆ ಒಂದು ಹನಿ ಸೋರಿಕೆ ಇಲ್ಲ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ. ಅಂದರೆ ಆಯಿಲ್ ಒಳಗೇ ಸುಡುತ್ತಿದೆ ಅಲ್ವಾ?

ಸರ್ವಿಸ್ ಸೆಂಟರ್‌ನವರು "ಇದು ನಾರ್ಮಲ್ ರೀ ಸರ್, ಟಾಪ್ ಅಪ್ ಮಾಡ್ಕೊಂಡು ಓಡಿಸ್ರಿ" ಎಂದರು. ನನಗೆ ಸಮಾಧಾನವಾಗಲಿಲ್ಲ. ಸುಮ್ನೆ ವಾದ ಮಾಡುವುದು ಬಿಟ್ಟು ದಾಖಲೆ ಕೂಡಿಸತೊಡಗಿದೆ. ಪ್ರತಿ ಭಾನುವಾರ ಸಮತಟ್ಟಾದ ಜಾಗದಲ್ಲಿ, ಎಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ ಫೋಟೊ. ಜೊತೆಗೆ ಓಡೋಮೀಟರ್ ಫೋಟೊ, ಆಯಿಲ್ ಕೊಂಡ ಬಿಲ್ಲು. ಎಲ್ಲವನ್ನೂ ಕಂಪನಿಗೆ ಇಮೇಲ್ ಮಾಡಿ, "ಆಯಿಲ್ ಕನ್ಸಂಪ್ಶನ್ ಟೆಸ್ಟ್ ಮಾಡಿಕೊಡಿ" ಎಂದು ಕೇಳಿದೆ. ಹೀಗೆ ಹೆಸರು ಹಿಡಿದು ಕೇಳುವುದು ಬಹಳ ಮುಖ್ಯ.

ಅವರು ಹೊಸ ಆಯಿಲ್ ಮೇಲಿನ ಗೆರೆವರೆಗೆ ತುಂಬಿ, ಆಯಿಲ್ ಹೊರಬಿಡುವ ಡ್ರೇನ್ ಬೋಲ್ಟಿಗೂ ಆಯಿಲ್ ತುಂಬುವ ಮುಚ್ಚಳಕ್ಕೂ ಸೀಲ್ ಹಾಕಿದರು. 1,000 ಕಿ.ಮೀ. ಓಡಿಸಿ ತಂದಾಗ ಸುಮಾರು 900 ಮಿ.ಲೀ. ಕಡಿಮೆ ಇತ್ತು. ಆಮೇಲೆ ಯಾರೂ ನಾರ್ಮಲ್ ಎನ್ನಲಿಲ್ಲ. ಎಂಜಿನ್ ಬಿಚ್ಚಿದರೆ ಪಿಸ್ಟನ್‌ನ ಆಯಿಲ್ ರಿಂಗುಗಳು (ಸಿಲಿಂಡರ್ ಗೋಡೆಯ ಆಯಿಲ್ ಕೆರೆದು ಕೆಳಗಿಳಿಸುವ ಬಳೆಗಳು) ಕಾರ್ಬನ್ ಕಟ್ಟಿ ಅಂಟಿಕೊಂಡಿದ್ದವು. ಸಿಲಿಂಡರ್ ಗೋಡೆಯ ಆಯಿಲ್ ಕೆಳಗಿಳಿಯದೆ ಪೆಟ್ರೋಲ್ ಜೊತೆ ಉರಿದು ಹೋಗುತ್ತಿತ್ತು. ಪಿಸ್ಟನ್, ರಿಂಗು, ವಾಲ್ವ್ ಸೀಲ್ ಎಲ್ಲ ವಾರಂಟಿಯಲ್ಲೇ ಬದಲಾದವು.

ಸರ್ವಿಸ್ ಎಲ್ಲಾ ಹೊತ್ತಿಗೆ ಸರಿಯಾಗಿ ಮಾಡಿಸಿ, ಬಿಲ್ಲು ಇಟ್ಟಿದ್ದು ಇಲ್ಲಿ ಕೈಹಿಡಿಯಿತು. ಕಂಪನಿ ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಬೇಕೆಂದಿದ್ದೆ, ಬೇಕಾಗಲಿಲ್ಲ. ಈಗ 4,000 ಕಿ.ಮೀ. ಆಯಿತು, ಆಯಿಲ್ ಮೇಲಿನ ಗೆರೆಯ ಹತ್ತಿರವೇ ಇದೆ.