ಹಿತ್ತಲಲ್ಲಿ ನಮ್ಮ ನೆಲದ ಗಿಡಗಳು: ಆವರಿಕೆ, ಕರಿಬೇವು, ಈಶ್ವರಿ ಬಳ್ಳಿ

ದೇವಸ್ಥಾನದ ಅಂಗಳದ ದೇವಕಣಗಿಲೆಯೂ ಬೇಲಿಯ ಲಂಟಾನವೂ ಅಮೆರಿಕ ಖಂಡದಿಂದ ಬಂದವು. ಗುಲ್‌ಮೊಹರ್‌ನ ತವರು ಮಡಗಾಸ್ಕರ್. ಆದ್ದರಿಂದ ಕಂಡು ರೂಢಿಯಾದದ್ದೆಲ್ಲ ಸ್ಥಳೀಯವೆಂದು ಭಾವಿಸದೆ, ಊರಿನ ಗೋಮಾಳ, ಕುರುಚಲು ಕಾಡುಗಳಲ್ಲಿ ಬೆಳೆದಿರುವ ಗಿಡಗಳ ಹೆಸರನ್ನು ಬಲ್ಲವರಿಂದ ಖಚಿತಪಡಿಸಿಕೊಂಡು ಬೀಜ ತರುವುದು ಮೊದಲ ಕೆಲಸ. ಕರಾವಳಿಯ ಜಂಬಿಟ್ಟಿಗೆ ನೆಲದ ಕೇಪಳವನ್ನು ಕೋಲಾರದಲ್ಲಿ ಬೆಳೆಸಲು ಹೆಣಗುವುದಕ್ಕಿಂತ ಅಲ್ಲಿಯ ಕೆಂಪುಮಣ್ಣಿಗೆ ಒಗ್ಗಿದ ಆವರಿಕೆಯನ್ನು ಆರಿಸುವುದು ಜಾಣತನ.

ಆವರಿಕೆಯ ಬೀಜದ ಸಿಪ್ಪೆ ಬಲು ಗಟ್ಟಿ. ಒರಟು ಕಲ್ಲಿನ ಮೇಲೆ ಹಗುರಾಗಿ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ ಬೆಳಗ್ಗೆ ಕೆಲವು ಉಬ್ಬಿರುತ್ತವೆ. ಉಬ್ಬದವನ್ನು ಮತ್ತೆ ಉಜ್ಜಬೇಕು. ಇದರ ತಾಯಿಬೇರು ಆಳಕ್ಕಿಳಿಯುವುದರಿಂದ, ಕುಂಡದಲ್ಲಿ ಬೆಳೆಸಿ ಕಿತ್ತು ನೆಡುವ ಬದಲು ಮುಂಗಾರು ಹದವಾದ ಮೇಲೆ, ಚೆನ್ನಾಗಿ ಬಿಸಿಲು ಬೀಳುವ ಜಾಗದಲ್ಲಿ ನೇರವಾಗಿ ಬಿತ್ತಬೇಕು. ಗೊಬ್ಬರ ಸುರಿಯುವ ಅಗತ್ಯವಿಲ್ಲ. ನಾನು ಮೊದಲ ವರ್ಷ ಅಕ್ಕರೆಯಿಂದ ದಿನವೂ ನೀರು ಹಾಕಿದ ಗಿಡ ಬೇರು ಕೊಳೆತು ಹೋಯಿತು. ಕಾಂಪೌಂಡಿನ ಮೂಲೆಯಲ್ಲಿ ಮರೆತು ಬಿಟ್ಟದ್ದು ಹಳದಿ ಹೂವಿನಿಂದ ತುಂಬಿತು.

ಕರಿಬೇವಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ಒಣಗಿಸಿ ಇಟ್ಟ ಬೀಜ ಬೇಗನೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆಯಾದ್ದರಿಂದ, ಕಪ್ಪಾಗಿ ಕಳಿತ ಹಣ್ಣನ್ನು ಹಿಚುಕಿ, ತಿರುಳು ತೊಳೆದು, ತಡಮಾಡದೆ ಅರ್ಧ ಅಂಗುಲ ಆಳದಲ್ಲಿ ಊರಬೇಕು. ಹಳೆಯ ಗಿಡದ ಬೇರಿನಿಂದ ಎದ್ದ ಮರಿಯನ್ನು ಬೇರುಸಮೇತ ತೆಗೆದು ನೆಟ್ಟರೂ ಆಗುತ್ತದೆ.

ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದರೆ ಕ್ರಿಮ್ಸನ್ ರೋಸ್ ಚಿಟ್ಟೆ ಅದರ ಮೇಲೆ ಮೊಟ್ಟೆಯಿಡುತ್ತದೆ. ಈ ಬಳ್ಳಿಯಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡುವ ಅಂಶವಿರುವುದರಿಂದ ಮನೆಮದ್ದೆಂದು ಸೇವಿಸಕೂಡದು.

ಇನ್ನು ಎಲೆ ತಿನ್ನುವ ಹುಳುಗಳ ವಿಚಾರ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಅಂಟಿಕೊಂಡಿರುವುದು ಬಹುಮಟ್ಟಿಗೆ ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು. ಬೆಳೆದಂತೆ ಅದು ಹಸಿರಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಚಿಟ್ಟೆ ಬೇಕೆನ್ನುವವರು ಇಲ್ಲಿ ಕೀಟನಾಶಕ ಹೊಡೆಯುವಂತಿಲ್ಲ. ಗಿಡ ತೀರ ಎಳೆಯದಾಗಿದ್ದರೆ ಎರಡು ಹುಳುಗಳನ್ನಷ್ಟೇ ಉಳಿಸಿ, ಮಿಕ್ಕವನ್ನು ಎಲೆಯ ಸಮೇತ ಹತ್ತಿರದ ದೊಡ್ಡ ನಿಂಬೆ ಗಿಡಕ್ಕೆ ದಾಟಿಸಬಹುದು. ಅದರ ಎಲೆಯನ್ನೂ ಅವು ತಿನ್ನುತ್ತವೆ.